ಹದಿನೆಂಟು ನಿಮಿಷದ ರಸ್ತೆ

ಕಳೆದ ತಿಂಗಳು ಚಿಂತಾಮಣಿಯಲ್ಲಿ ಒಂದು ಮದುವೆಗೆ ಹೋಗಬೇಕಿತ್ತು. ಮಗಳು ಕಾರು ಓಡಿಸುತ್ತಿದ್ದಳು. ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ರಸ್ತೆ ಹಿಡಿದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಬ್ರೇಕು ಒತ್ತಿದಳು. ಎದುರಿಗೆ ದನವಿಲ್ಲ, ನಾಯಿಯಿಲ್ಲ. "ಯಾಕೇ?" ಅಂದೆ. "ಮೇಲೆ ನೋಡಮ್ಮ, ಕ್ಯಾಮೆರಾ," ಅಂದಳು. ಕಬ್ಬಿಣದ ಕಂಬದ ತುದಿಯಲ್ಲಿ ಒಂದು ಬಿಳಿ ಡಬ್ಬಿ ರಸ್ತೆಯ ಕಡೆ ಕುತ್ತಿಗೆ ಬಗ್ಗಿಸಿಕೊಂಡಿತ್ತು. ಕಂಬ ದಾಟಿ ಸ್ವಲ್ಪ ದೂರ ಹೋದದ್ದೇ ಕಾರು ಮತ್ತೆ ಓಡತೊಡಗಿತು. ಕಿಟಕಿ ತೆರೆದಿತ್ತು. ರೇಷ್ಮೆಗೂಡು ಬೇಯಿಸುವ ವಾಸನೆ ಒಳಗೆ ಬಂತು. ಹೊರಗಿನವರು ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನನಗೆ ಮಾತ್ರ ಆ ವಾಸನೆಯ ಜೊತೆ ಒಂದು ಚಳಿಗಾಲ ಪೂರ್ತಿ ಬಂದು ಪಕ್ಕದಲ್ಲಿ ಕೂತಂತಾಯಿತು. ಆ ಕಂಬ ಇದ್ದ ಜಾಗಕ್ಕೆ ಸ್ವಲ್ಪ ಈಚೆ, ರಸ್ತೆಯ ಎಡಗಡೆ, ಒಂದು ಕಾಲದಲ್ಲಿ ನನ್ನ ಮೇಜು ಇತ್ತು.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಓದಿದರೆ ಅವರಿಗೇ ತಿಳಿಯುತ್ತದೆ. ಅದು ಮಂಡಲ ಪಂಚಾಯ್ತಿಗಳು ಇದ್ದ ಕಾಲ, ಎಂಬತ್ತರ ದಶಕದ ಕೊನೆ. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ನಮ್ಮಪ್ಪ ರೈಲ್ವೆಯಲ್ಲಿ ಗೇಟ್‌ಮನ್. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಹೋಗುತ್ತಿದ್ದ ಪುಟ್ಟ ರೈಲು ನಮ್ಮೂರ ಪಕ್ಕದಲ್ಲೇ ರಸ್ತೆಯನ್ನು ದಾಟುತ್ತಿತ್ತು. ಅಲ್ಲಿ ಗೇಟು ಹಾಕುವುದು, ತೆಗೆಯುವುದು ಅಪ್ಪನ ಕೆಲಸ. ಗೇಟಿನ ಗುಡಿಸಲಲ್ಲಿ ಒಂದು ಬುದ್ಧನ ಪಟ, ಒಂದು ಫೋನು, ಒಂದು ಟೈಂಪೀಸು ಇರುತ್ತಿದ್ದವು. ನಮ್ಮ ಮನೆಯವರು ಬೌದ್ಧರಾಗಿ ಆಗಲೇ ಬಹಳ ವರ್ಷವಾಗಿತ್ತು. ನನಗೆ ಸುಜಾತ ಅಂತ ಹೆಸರಿಟ್ಟದ್ದೂ ಅದಕ್ಕೇ.

ರೈಲು ಎಷ್ಟು ನಿಧಾನ ಅಂದರೆ ಹತ್ತಿದವರು ದಾರಿಯಲ್ಲಿ ಇಳಿದು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರು. ಹಾಗಾಗಿ ಕೆಲಸ ಇದ್ದವರೆಲ್ಲ ಖಾಸಗಿ ಬಸ್ಸಿಗೆ ಹೋಗುತ್ತಿದ್ದರು. ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮುಂದೆ ಹೋದವನಿಗೆ ಜನ, ಹಿಂದೆ ಬಿದ್ದವನಿಗೆ ಖಾಲಿ ಸೀಟು. ಅದಕ್ಕೇ ಪೈಪೋಟಿ. ಸಣ್ಣ ರಸ್ತೆ, ಎರಡೂ ಕಡೆ ಹಿಪ್ಪುನೇರಳೆ ತೋಟ, ಊರೊಳಗೆ ಎರಡು ತಿರುವು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹಾಗೆ ಪೈಪೋಟಿಗೆ ಬಿದ್ದ ಎರಡು ಬಸ್ಸುಗಳ ನಡುವೆ ದೊಡ್ಡಕ್ಕ ಸಿಕ್ಕಿಕೊಂಡರು. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇತ್ತು. ಅದು ಕಣ್ಣಿಗೆ ಅಡ್ಡ ಬಂದಿತ್ತೋ, ಹಾರನ್ನು ಯಾವ ಕಡೆಯದು ಅಂತ ತಿಳಿಯಲಿಲ್ಲವೋ. ಹಿಂದಿನಿಂದ ಬಂದ ಮೂರನೆಯ ಬಸ್ಸಿನ ಡ್ರೈವರು ಬಾಷಾ ನಿಲ್ಲಿಸಿ, ತಾನೇ ಇಳಿದು, ಅವರನ್ನು ಎತ್ತಿ ಬಸ್ಸಿನಲ್ಲಿ ಮಲಗಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದ. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ದೊಡ್ಡಕ್ಕ ಅಂದರೆ ನಮ್ಮ ಮಂಡಲದ ಪ್ರಧಾನರಾಗಿದ್ದ ವೆಂಕಟರಾಯಪ್ಪ ಮೇಷ್ಟ್ರ ಅಕ್ಕ. ಮೇಷ್ಟ್ರಿಗೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಅವರನ್ನು ಸಾಕಿ, ಓದಿಸಿದ್ದು ಈ ಅಕ್ಕನೇ. ಮೇಷ್ಟ್ರು ನನಗೂ ನಾಲ್ಕನೇ ಕ್ಲಾಸಿನಿಂದ ಏಳನೇವರೆಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಜನ ಬಲವಂತ ಮಾಡಿ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ್ದರು. ಅಕ್ಕನ ತಿಥಿ ಮುಗಿದ ಮಾರನೆಯ ದಿನವೇ ಅವರು ಊರಿನವರನ್ನು ಕರೆದುಕೊಂಡು ರಸ್ತೆಯಲ್ಲಿ ಕೂತರು. ಒಂದು ಹಗಲು ಪೂರ್ತಿ ಒಂದು ಬಸ್ಸೂ ಓಡಲಿಲ್ಲ. ಸಂಜೆ ಬಸ್ಸಿನ ಮಾಲೀಕರು ಮಾತುಕತೆಗೆ ಬಂದರು.

ಮೇಷ್ಟ್ರು ಕೇಳಿದ್ದು ಪರಿಹಾರವನ್ನಲ್ಲ. ನಮ್ಮ ಮಂಡಲದ ಪೂರ್ವದ ಗಡಿಯಲ್ಲಿ ಒಂದು ಗುಡಿಸಲು, ಪಶ್ಚಿಮದ ಗಡಿಯಲ್ಲಿ ಒಂದು ಗುಡಿಸಲು. ಎರಡರಲ್ಲೂ ಒಂದೊಂದು ಗಡಿಯಾರ. ಬೆಂಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ತಂದ ಗಡಿಯಾರಗಳು ಅವು. ಕೂಲಿಯವರು ಕೆಲಸಕ್ಕೆ ಬಂದಾಗ ಕಾರ್ಡು ತೂರಿಸಿ ಹಿಡಿ ಒತ್ತಿದರೆ 'ಟಣ್' ಅಂತ ಗಂಟೆ, ನಿಮಿಷ ಕಾರ್ಡಿನ ಮೇಲೆ ಅಚ್ಚಾಗುತ್ತದಲ್ಲ, ಅಂಥವು. ಬಸ್ಸು ನಮ್ಮ ಗಡಿಯೊಳಗೆ ಬರುವಾಗ ಒಂದು ಕಡೆ ಕಾರ್ಡು ಅಚ್ಚಾಗಬೇಕು, ಹೊರಗೆ ಹೋಗುವಾಗ ಇನ್ನೊಂದು ಕಡೆ. ಮಧ್ಯೆ ಹದಿನೆಂಟು ನಿಮಿಷಕ್ಕಿಂತ ಕಡಿಮೆ ಇದ್ದರೆ ಓವರ್‌ಸ್ಪೀಡು. ಒಂದು ತಿಂಗಳಲ್ಲಿ ಮೂರು ಸಲ ಸಿಕ್ಕಿದರೆ ಡ್ರೈವರನ್ನು ಆ ದಾರಿಯಿಂದ ತೆಗೆಯಬೇಕು. ಮಾಲೀಕರು ತಲೆ ಕೆರೆದುಕೊಂಡು ಒಪ್ಪಿದರು. ಬೇರೆ ದಾರಿ ಇರಲಿಲ್ಲ, ರಸ್ತೆಯಲ್ಲಿ ಜನ ಕೂತಿದ್ದರು.

"ಪೋಲೀಸಿನವರನ್ನ ನಿಲ್ಲಿಸಿದ್ರೆ ಡ್ರೈವರುಗಳು ಅವರಿಗೆ ಕಾಫಿ ಕೊಟ್ಟು ಹೋಗ್ತಾರೆ. ಗಡಿಯಾರ ಕಾಫಿ ಕುಡಿಯಲ್ಲ," ಅಂದರು ಮೇಷ್ಟ್ರು. ಅಕ್ಕ ಸತ್ತ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಶ್ಚಿಮದ, ಅಂದರೆ ಚಿಕ್ಕಬಳ್ಳಾಪುರದ ಕಡೆಯ ಗುಡಿಸಲಿಗೆ ನನ್ನನ್ನು ಹಾಕಿದರು. ಪೂರ್ವದ್ದಕ್ಕೆ, ಶಿಡ್ಲಘಟ್ಟದ ಕಡೆಗೆ, ರಾಮಾಂಜಿ. ಅವನು ಹೆಚ್ಚಾಗಿ ತೆಲುಗಲ್ಲೇ ಮಾತಾಡುತ್ತಿದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನನ್ನ ಹೆಸರು ಹೇಳಿದಾಗ ಸದಸ್ಯರಲ್ಲಿ ಇಬ್ಬರು ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದರು. ಕಾಲೋನಿಯ ಹುಡುಗಿ ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಅಂತಿರಬೇಕು. ಮೇಷ್ಟ್ರು ಗಟ್ಟಿಯಾಗಿ ಹೇಳಿದರು: "ಲೆಕ್ಕದಲ್ಲಿ ಅವಳು ಒಂದು ದಿನ ತಪ್ಪು ಮಾಡಿದ್ದಿಲ್ಲ ಕಣ್ರಯ್ಯ. ನಿಮ್ಮ ಮನೇಲಿ ಅಂಥೋರು ಯಾರಾದ್ರೂ ಇದ್ರೆ ಕಳಿಸಿ, ನೋಡಣ." ಯಾರೂ ಕಳಿಸಲಿಲ್ಲ.

ದೀಪಾವಳಿ ಕಳೆದ ವಾರ ಕೆಲಸ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಮೊದಲ ಬಸ್ಸು, ಸಂಜೆ ಏಳಕ್ಕೆ ಕೊನೆಯದು. ಮಂಜು ಎಷ್ಟು ಕವಿಯುತ್ತಿತ್ತು ಅಂದರೆ ನಂದಿಬೆಟ್ಟ ಹತ್ತು ಗಂಟೆಯವರೆಗೆ ಕಾಣುತ್ತಿರಲಿಲ್ಲ. ಶಾಲು ಹೊದ್ದುಕೊಂಡು, ಕೈ ಬಗಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಬಸ್ಸಿನ ದೀಪ ಮಂಜಿನಲ್ಲಿ ಮೊದಲು ಹಳದಿ ಕಲೆಯಾಗಿ ಕಾಣುತ್ತಿತ್ತು, ಆಮೇಲೆ ಸದ್ದು. ಕಂಡಕ್ಟರು ಇಳಿದು ಕಾರ್ಡು ಕೊಡಬೇಕು. ಮೊದಮೊದಲು ಕೆಲವರು ಕಾರ್ಡನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ, ಮೇಜಿನ ಮೇಲೆ ಎಸೆದು ದೂರ ನಿಲ್ಲುತ್ತಿದ್ದರು. ನಾನೂ ಅಚ್ಚು ಹಾಕಿ ಮೇಜಿನ ಮೇಲೇ ಎಸೆಯುತ್ತಿದ್ದೆ. ಗಾಳಿಗೆ ಒಂದೆರಡು ಸಲ ಕಾರ್ಡು ಹಾರಿ ಚರಂಡಿಗೆ ಬಿದ್ದ ಮೇಲೆ ಕೈಗೆ ಕೊಡುವುದನ್ನು ಕಲಿತರು.

ಬಾಷಣ್ಣನ ಬಸ್ಸಿನ ಕಂಡಕ್ಟರು ಮೊದಲ ದಿನದಿಂದಲೂ ಕೈಗೇ ಕೊಡುತ್ತಿದ್ದ. ಬಾಷಣ್ಣ ಸ್ಟಿಯರಿಂಗಿನ ಮೇಲೆ ಮೊಣಕೈ ಊರಿ "ಏನಮ್ಮಾ, ಪಾಸಾ ಫೇಲಾ?" ಅಂತ ಕೂಗುತ್ತಿದ್ದ. ಅವನು ಶಿಡ್ಲಘಟ್ಟದವನು, ಐವತ್ತರ ಹತ್ತಿರ ವಯಸ್ಸು. ಎಷ್ಟು ನಿಧಾನ ಓಡಿಸುತ್ತಿದ್ದ ಅಂದರೆ ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಅವನ ಬಸ್ಸು ಬಂದರೆ ಹುಡುಗಿಯರೆಲ್ಲ "ಅಯ್ಯೋ, ಮೊದಲ ಪೀರಿಯಡ್ ಹೋಯ್ತು" ಅಂತಿದ್ದೆವು.

ಒಂದೇ ತಿಂಗಳಲ್ಲಿ ರಸ್ತೆ ಬೇರೆಯಾಯಿತು. ಜೋರಾಗಿ ಓಡಿಸುವ ಹುಡುಗರು ಐದಾರು ಮಂದಿ ಸಿಕ್ಕಿಬಿದ್ದರು, ಇಬ್ಬರನ್ನು ಮಾಲೀಕರು ತೆಗೆದರು. ಉಳಿದವರು ದಾರಿಗೆ ಬಂದರು. ಹೆಂಗಸರು ಸೊಪ್ಪಿನ ಹೊರೆ ಹೊತ್ತು ರಸ್ತೆ ದಾಟುವಾಗ ಓಡುತ್ತಿರಲಿಲ್ಲ. ಅವ್ವ ಒಂದು ದಿನ ಹೇಳಿದಳು, "ನೀನು ಅಲ್ಲಿ ಕೂತ ಮೇಲೆ ಕೋಳಿ ಸತ್ತಿದ್ದೂ ಕಾಣೆ ಕಣೇ." ನನಗೆ ಬೆನ್ನು ನೋವು, ಕಾಲು ಮರಗಟ್ಟುವುದು, ಧೂಳಿಗೆ ಕೆಮ್ಮು. ಆದರೂ ಆ ಮಾತು ಕೇಳಿ ನೆಟ್ಟಗೆ ಕೂತೆ.

ಸಂಕ್ರಾಂತಿ ಹತ್ತಿರ ಬಂದಾಗ ಬಾಷಣ್ಣ ಸಿಕ್ಕಿಬಿದ್ದ. ಕಾರ್ಡು ನೋಡಿ ನನಗೇ ನಂಬಿಕೆಯಾಗಲಿಲ್ಲ. ರಾಮಾಂಜಿಯ ಕಡೆಯ ಅಚ್ಚಿಗೂ ನನ್ನ ಅಚ್ಚಿಗೂ ನಡುವೆ ಹದಿನಾಲ್ಕೇ ನಿಮಿಷ. ಕೂಗಿ ಹೇಳಿದೆ. ಅವನು ಬಸ್ಸಿನಿಂದ ಇಳಿದೇ ಬಂದ.

"ನಾನಾ? ಹದ್ನಾಲ್ಕಾ? ಸರಿಯಾಗಿ ನೋಡಮ್ಮಾ."

"ನೋಡಿದೆ ಬಾಷಣ್ಣ. ಅಚ್ಚು ಬಿದ್ದಿದೆ."

ಅವನು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಗಡಿಯಾರವನ್ನು ನೋಡಿದ. "ಮಿಷೀನು ಸುಳ್ಳು ಹೇಳಲ್ಲ ಅಂತಾರೆ. ಬರ್ಕೊ," ಅಂದು ಹೋದ. ಮುಂದಿನ ಹದಿನೈದು ದಿನದಲ್ಲಿ ಇನ್ನೂ ಎರಡು ಸಲ ಸಿಕ್ಕಿದ. ಮೂರನೆಯ ಸಲ ಅವನು ಇಳಿಯಲೇ ಇಲ್ಲ. ಬಸ್ಸಿನೊಳಗಿದ್ದ ಒಬ್ಬ ಮುದುಕ ಮಾತ್ರ ಕಿಟಕಿಯಿಂದ "ಏಮಮ್ಮಾ, ಎತ್ತಿನ ಗಾಡಿ ಥರ ಬಂದ್ವಿ, ಇದನ್ನ ಜೋರು ಅಂತೀಯಲ್ಲ!" ಅಂದ. ನಾನು ತಲೆ ಎತ್ತಲಿಲ್ಲ. ನಿಯಮದ ಪ್ರಕಾರ ಹೆಸರು ಬರೆದು ಮಂಡಲ ಆಫೀಸಿಗೆ ಕಳಿಸಿದೆ. ಮಾಲೀಕ ಬಾಷಣ್ಣನನ್ನು ಬಸ್ಸಿನಿಂದ ಇಳಿಸಿದ.

ಆ ವಾರ ಮಂಡಲ ಆಫೀಸಿನಲ್ಲಿ ಕೂತು ಎರಡೂ ಕಡೆಯ ಪುಸ್ತಕ ಒಟ್ಟು ಮಾಡುವ ಕೆಲಸವಿತ್ತು. ರಾಮಾಂಜಿಯ ಪುಸ್ತಕದಲ್ಲಿ ಚಿಕ್ಕಬಳ್ಳಾಪುರದ ಕಡೆಯಿಂದ ಹೋದ ಬಸ್ಸುಗಳು, ನನ್ನದರಲ್ಲಿ ಶಿಡ್ಲಘಟ್ಟದ ಕಡೆಯಿಂದ ಬಂದವು. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು. ವಾರ ಕಳೆದಂತೆ ಹೆಚ್ಚುತ್ತಾ ಬಂದು, ಈಗ ಶನಿವಾರ, ಭಾನುವಾರ ನನ್ನ ಪುಸ್ತಕದ ತುಂಬ ಓವರ್‌ಸ್ಪೀಡಿನ ಕೆಂಪು ಗೆರೆ. ಅದೇ ದಿನಗಳಲ್ಲಿ ರಾಮಾಂಜಿಯ ಪುಸ್ತಕದಲ್ಲಿ ಒಂದೂ ಇಲ್ಲ. ಅತ್ತಲಿಂದ ಬರುವವರೆಲ್ಲ ಪುಂಡರು, ಇತ್ತಲಿಂದ ಹೋಗುವವರೆಲ್ಲ ಸಾಧುಗಳು. ಅದೂ ವಾರದ ಕೊನೆಗೆ ಮಾತ್ರ. ಬಸ್ಸೂ ಅದೇ, ಡ್ರೈವರೂ ಅವನೇ, ಹೋಗುವಾಗ ಇಪ್ಪತ್ತನಾಲ್ಕು ನಿಮಿಷ, ಬರುವಾಗ ಹದಿನಾಲ್ಕು. ಬಾಷಣ್ಣನ ಮೂರು ಗುರುತೂ ಶನಿವಾರ, ಭಾನುವಾರದವೇ.

ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಾ ಕೇಳಿದ: "ನನ್ನ ಟೈಂಪೀಸಿಗೆ ದಿನಾ ಬೆಳಿಗ್ಗೆ ಸ್ಟೇಷನ್ನಿಂದ ಫೋನಲ್ಲಿ ಟೈಮ್ ಕೊಡ್ತಾರೆ. ಎರಡು ನಿಮಿಷ ಹಿಂದೆ ಬಿದ್ದಿದ್ರೆ ತಿದ್ಕೋತೀನಿ. ನಿನ್ನ ಗಡಿಯಾರಕ್ಕೆ ಯಾರಮ್ಮಾ ಟೈಮ್ ಕೊಡ್ತಾರೆ?"

ಮೇಷ್ಟ್ರು ಸೋಮವಾರ ಕೊಡುತ್ತಿದ್ದರು. ರೇಡಿಯೋ ವಾರ್ತೆಯ ಹೊತ್ತಿಗೆ ತಮ್ಮ ಕೈಗಡಿಯಾರ ಸರಿ ಮಾಡಿಕೊಂಡು, ಸೈಕಲ್ಲಿನಲ್ಲಿ ಎರಡೂ ಕಡೆ ಹೋಗಿ, ಬೀಗ ತೆಗೆದು, ಕೀಲಿ ಕೊಟ್ಟು, ಮತ್ತೆ ಬೀಗ ಹಾಕಿ ಬರುತ್ತಿದ್ದರು. ಎಂಟು ದಿನ ನಡೆಯುವ ಗಡಿಯಾರ ಅಂತ ಕಾರ್ಖಾನೆಯವರು ಹೇಳಿದ್ದರಂತೆ. ನನ್ನ ಹತ್ತಿರ ಕೈಗಡಿಯಾರ ಇರಲಿಲ್ಲ. ಯಾರಾದರೂ ಡ್ರೈವರು ತನ್ನ ವಾಚು ತೋರಿಸಿದರೆ "ಇಲ್ಲಿ ಇದೊಂದೇ ಗಡಿಯಾರ" ಅನ್ನಬೇಕು ಅಂತ ಮೇಷ್ಟ್ರೇ ನಮಗೆ ಹೇಳಿಕೊಟ್ಟಿದ್ದರು.

ಮುಂದಿನ ಸೋಮವಾರ ಅಪ್ಪನ ಟೈಂಪೀಸನ್ನು, ರೈಲು ಇಲ್ಲದ ಹೊತ್ತಿನಲ್ಲಿ, ಚೀಲದಲ್ಲಿಟ್ಟುಕೊಂಡು ತಂದೆ. ಮೇಜಿನ ಕೆಳಗಿಟ್ಟು ನೋಡಿದೆ. ಎರಡೂ ಒಂದೇ ಸಮಯ. ಗುರುವಾರ ತಂದೆ. ಎರಡು ನಿಮಿಷ ವ್ಯತ್ಯಾಸ. ಶನಿವಾರ ಐದು. ಭಾನುವಾರ ಸಂಜೆ ಏಳರ ಹತ್ತಿರ. ಕೀಲಿ ಸಡಿಲವಾದ ಹಾಗೆಲ್ಲ ನನ್ನ ಗಡಿಯಾರ ಸುಸ್ತಾಗಿ ಹಿಂದೆ ಬೀಳುತ್ತಿತ್ತು. ಅದು ಹಿಂದೆ ಬಿದ್ದಷ್ಟೂ ಶಿಡ್ಲಘಟ್ಟದ ಕಡೆಯಿಂದ ಬಂದವನು ಬೇಗ ಬಂದಂತೆ ತೋರುತ್ತಿತ್ತು. ನಾನು ಎದುರಿಗೆ ಕೂತು ಎಷ್ಟೋ ತಿಂಗಳಿಂದ ಆ ಸುಳ್ಳಿಗೆ ಹಿಡಿ ಒತ್ತುತ್ತಿದ್ದೆ.

ಸೋಮವಾರ ಮೇಷ್ಟ್ರು ಕೀಲಿ ಕೊಡಲು ಬಂದಾಗ ಹೇಳಿಬಿಟ್ಟೆ. ಟೈಂಪೀಸು ತೋರಿಸಿದೆ, ಪುಸ್ತಕ ತೋರಿಸಿದೆ. ಅವರು ಸೈಕಲ್ಲು ಒರಗಿಸಿ ನನ್ನ ಕುರ್ಚಿಯ ಮೇಲೆ ಕೂತರು. ಒಂದು ಬಸ್ಸು ಬಂತು, ಅಚ್ಚು ಹಾಕಿ ಕಳಿಸಿದೆ.

"ಬಾಷಾ ಎಂಥೋನು ಅಂತ ನನಗೆ ಗೊತ್ತಿಲ್ವೇನಮ್ಮ?" ಅಂದರು ಕೊನೆಗೆ. "ನಮ್ಮಕ್ಕನ್ನ ಎತ್ತಿಕೊಂಡು ಹೋದೋನು ಅವನು. ಅವನ ಅಂಗಿ ಪೂರ್ತಿ ರಕ್ತ ಆಗಿತ್ತು."

"ಹಾಗಾದ್ರೆ ಮಾಲೀಕರಿಗೆ ಹೇಳಣ ಮೇಷ್ಟ್ರೇ."

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಒಂದು ಗಡಿಯಾರ ತಪ್ಪು ಅಂದ್ರೆ ಎಲ್ಲಾ ತಪ್ಪು ಅಂತಾರೆ. ಮಂಗಳವಾರ ನಿಜವಾಗ್ಲೂ ಓಡಿಸಿ ಸಿಕ್ಕಿದೋರೂ ಸಾಧು ಆಗ್ತಾರೆ. ಅವರು ಇದನ್ನೇ ಕಾಯ್ತಾ ಇದಾರೆ." ಜೇಬಿನಿಂದ ಗಡಿಯಾರದ ಬೀಗದ ಕೈ, ಕೀಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇನ್ಮೇಲೆ ದಿನಾ ಬೆಳಿಗ್ಗೆ ನೀನೇ ಕೀಲಿ ಕೊಡು. ಅಪ್ಪನ ಟೈಂಪೀಸ್ ನೋಡಿ ಸರಿ ಮಾಡ್ಕೊ. ರಾಮಾಂಜಿಗೂ ನಾನು ಹೇಳ್ತೀನಿ. ಮುಂದಕ್ಕೆ ಯಾರಿಗೂ ಅನ್ಯಾಯ ಆಗಲ್ಲ."

"ಬಾಷಣ್ಣಂಗೆ?"

ಅವರು ಎದ್ದರು. ಏಳುವಾಗ ಮಂಡಿ ಹಿಡಿದುಕೊಂಡರು. "ಈ ಮೂರು ತಿಂಗಳಲ್ಲಿ ಈ ರಸ್ತೆ ಮೇಲೆ ಯಾರಾದ್ರೂ ಸತ್ರಾ ಸುಜಾತ?" ಅಂತ ಕೇಳಿದರು. ನಾನು ಇಲ್ಲ ಅಂದೆ. ಅವರು ಸೈಕಲ್ಲು ಹತ್ತಿ ಹೋದರು.

ನಾನೂ ಸುಮ್ಮನಾದೆ. ಇದನ್ನು ಈಗ ಬರೆಯುವುದು ಸುಲಭ. ಆಗ ನನಗೆ ಇಪ್ಪತ್ತು ವರ್ಷ. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದವರು ಅವರು, ನನ್ನ ಪರವಾಗಿ ನಾಲ್ಕು ಜನರ ಮುಂದೆ ಮಾತಾಡಿದವರು ಅವರು. ಮೇಲಾಗಿ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಕೀಲಿ ಕೊಟ್ಟೆ. ಶನಿವಾರ, ಭಾನುವಾರದ ಕೆಂಪು ಗೆರೆಗಳು ಒಂದೇ ಸಲಕ್ಕೆ ನಿಂತವು. "ವಾರದ ಕೊನೆಗೂ ಬುದ್ಧಿ ಬಂತು ನೋಡು," ಅಂದ ಒಬ್ಬ ಸದಸ್ಯ. ನನಗೆ ಊಟ ಸೇರುತ್ತಿರಲಿಲ್ಲ. ಅವ್ವ ಬಿಸಿಲಿನ ದೆಸೆಯಿಂದ ಅಂದುಕೊಂಡು ಮಜ್ಜಿಗೆ ಕಳಿಸುತ್ತಿದ್ದಳು.

ಹೀಗೆ ಹದಿನೈದು ದಿನ ಕಳೆದಿರಬೇಕು. ಮಂಜು ಹೋಗಿ ಬಿಸಿಲು ಸುಡತೊಡಗಿತ್ತು. ಒಂದು ಮಧ್ಯಾಹ್ನ ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಬಸ್ಸಿನಿಂದ ಬಾಷಣ್ಣ ಇಳಿದ. ಡ್ರೈವರ ಬಾಗಿಲಿನಿಂದಲ್ಲ, ಹಿಂದಿನ ಬಾಗಿಲಿನಿಂದ, ಟಿಕೇಟು ಕೈಯಲ್ಲಿ ಹಿಡಿದುಕೊಂಡು. ಖಾಕಿ ಅಂಗಿ ಇಲ್ಲದೆ ಅವನು ಬೇರೆ ಯಾರೋ ಅನ್ನಿಸಿದ. ಕೆಲಸ ಕೇಳಿಕೊಂಡು ಹೋಗಿದ್ದನಂತೆ. ಮೂರು ಗುರುತು ಬಿದ್ದ ಡ್ರೈವರನ್ನು ಯಾರೂ ತಗೊಳ್ಳುವುದಿಲ್ಲ ಅಂದರಂತೆ. ಮಡಕೆಯಿಂದ ನೀರು ಕೊಟ್ಟೆ. ಕುಡಿದು, ಲೋಟವನ್ನು ಮಗುಚಿ ಇಟ್ಟ.

ನಾನು ಅವನು ಬಯ್ಯಲಿ ಅಂತ ಕಾದೆ. ಬಯ್ದಿದ್ದರೆ ಹಗುರವಾಗುತ್ತಿತ್ತು.

"ಒಂದು ಮಾತು ಕೇಳ್ತೀನಿ ಅಮ್ಮಾ, ಬೇಜಾರು ಮಾಡ್ಕೋಬೇಡ," ಅಂದ. "ಮೂವತ್ತು ವರ್ಷದಿಂದ ಗಾಡಿ ಓಡಿಸ್ತಾ ಇದೀನಿ. ಈಗ ಮನೇಲಿ ಕೂತು ಯೋಚನೆ ಮಾಡ್ತೀನಿ, ನನಗೇ ಗೊತ್ತಿಲ್ದಂಗೆ ಜೋರಾಗಿ ಓಡಿಸ್ತಾ ಇದ್ನಾ? ವಯಸ್ಸಾಯ್ತಾ? ಕಣ್ಣು ಹೋಯ್ತಾ? ಖುದಾ ಕಸಂ, ತಿಳೀತಾ ಇಲ್ಲ. ನೀನು ದಿನಾ ನೋಡ್ತಿದ್ದೆ. ನಾನು ಜೋರಾಗಿ ಬರ್ತಿದ್ನಾ?"

ಇಲ್ಲ ಬಾಷಣ್ಣ, ಅಂದೆ. ಮತ್ತೆ ಹೇಳಿದೆ: "ನೀವು ಜೋರಾಗಿ ಬಂದಿಲ್ಲ. ನನ್ನ ಗಡಿಯಾರ ನಿಧಾನ ಇತ್ತು."

ಅವನು ಕೂಗಾಡಲಿಲ್ಲ. ಗಡಿಯಾರದ ಕಡೆ ನೋಡಿ, ಕಣ್ಣು ಮುಚ್ಚಿ, ಉಸಿರು ಬಿಟ್ಟ. "ಹಂಗಾದ್ರೆ ನಾನು ಸರಿಯಾಗೇ ಇದೀನಿ," ಅಂದ. ಅಷ್ಟೇ. ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೋದ. ತನ್ನ ಹೆಸರು ತೆಗೆಸು ಅಂತ ಅವನು ಕೇಳಲೇ ಇಲ್ಲ.

ಆ ವಾರದ ಕೊನೆಗೆ ಮಂಡಲದ ಸಭೆ ಇತ್ತು, ಮಾಲೀಕರ ಕಡೆಯವರೂ ಬರುವುದಿತ್ತು. ಹಿಂದಿನ ದಿನ ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ರೇಷ್ಮೆಗೂಡಿನ ತಟ್ಟೆ ಒಣಗಿಸುತ್ತಿದ್ದರು. ಅದು ದೊಡ್ಡಕ್ಕ ಮಾಡುತ್ತಿದ್ದ ಕೆಲಸ.

"ನಾಳೆ ನಾನು ಹೇಳ್ತೀನಿ ಮೇಷ್ಟ್ರೇ. ನಿಮಗೆ ಮೊದಲೇ ತಿಳಿಸಣ ಅಂತ ಬಂದೆ."

ಅವರು ತಟ್ಟೆಯನ್ನು ಗೋಡೆಗೆ ಒರಗಿಸಿದರು. "ಹೇಳ್ಬೇಡ ಅಂತ ನಾನು ಹೇಳಲಾರೆ. ನಾನೇ ಪಾಠ ಹೇಳಿಕೊಟ್ಟೋನು," ಅಂದರು. ನನ್ನ ಕಡೆ ತಿರುಗಲಿಲ್ಲ.

ಸಭೆಯಲ್ಲಿ ನಾನು ಎದ್ದು ನಿಂತೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಗಡಿಯಾರ ಹಿಂದೆ ಬಿದ್ದದ್ದು, ಪುಸ್ತಕದಲ್ಲಿ ಕಂಡದ್ದು, ಬಾಷಣ್ಣನ ಜೊತೆಗೆ ಇನ್ನೂ ಹಲವರಿಗೆ ತಪ್ಪು ಗುರುತು ಬಿದ್ದದ್ದು. ಈಗ ದಿನಾ ಕೀಲಿ ಕೊಡುತ್ತಿರುವುದರಿಂದ ಸರಿಯಾಗಿದೆ, ಮುಂದೆ ಹೀಗಾಗುವುದಿಲ್ಲ ಅಂತಲೂ ಹೇಳಿದೆ. ಆ ಕೊನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮಾಲೀಕರ ಕಡೆಯಿಂದ ಬಂದಿದ್ದ ಸಫಾರಿ ಸೂಟಿನ ಮನುಷ್ಯ ಆಗಲೇ ಎದ್ದು ನಿಂತಿದ್ದ.

"ಚೂಶಾರಾ, ನೋಡಿದ್ರಾ ಸಾರ್, ನಿಮ್ಮ ಕಡೆ ಹುಡುಗೀನೇ ಹೇಳ್ತಾ ಇದಾಳೆ. ಅಂದ್ರೆ ಇಲ್ಲೀವರೆಗೂ ಬರೆದಿದ್ದೆಲ್ಲ ಸುಳ್ಳು. ನಮ್ಮ ಡ್ರೈವರ್‌ಗಳ ಹೊಟ್ಟೆ ಮೇಲೆ ಹೊಡೆದ್ರಿ. ಇನ್ಮೇಲೆ ನಮ್ಮ ಬಸ್ಸು ನಿಮ್ಮ ಗುಡಿಸಲ ಮುಂದೆ ನಿಲ್ಲಲ್ಲ."

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರ್ನಾಲ್ಕು ತಿಂಗಳು ನಡೆದದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಮೇಷ್ಟ್ರು ಪ್ರಧಾನರ ಕುರ್ಚಿಯಲ್ಲಿ ಕೂತು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. ಬಾಷಾನ ಗುರುತು ರದ್ದು ಅಂತ ಬರೆಸಿ ಸಹಿ ಹಾಕಿದರು. ಹೊರಗೆ ಬರುವಾಗ ನನ್ನ ಪಕ್ಕದಲ್ಲೇ ಹೋದರು, ಮಾತಾಡಲಿಲ್ಲ. ಮನೆಗೆ ಬಂದಾಗ ಅಪ್ಪ ಗೇಟಿನ ಹತ್ತಿರ ಕಾದಿದ್ದ. "ಹೇಳಿದ್ಯಾ?" ಅಂದ. "ಹೇಳ್ದೆ." "ಸರಿ ಬಿಡು," ಅಂದು ನನ್ನ ತಲೆಯ ಮೇಲೆ ಒಂದು ಕ್ಷಣ ಕೈ ಇಟ್ಟ. ಅಪ್ಪ ಹಾಗೆ ಮಾಡಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಬಾಷಣ್ಣನ ಮಾಲೀಕ ಆಗಲೇ ಬೇರೆ ಡ್ರೈವರನ್ನು ಇಟ್ಟುಕೊಂಡಿದ್ದ. ರದ್ದು ಕಾಗದ ತೋರಿಸಿದರೂ ವಾಪಸು ಕರೆಯಲಿಲ್ಲ. ಸುಮಾರು ಎರಡು ತಿಂಗಳು ಖಾಲಿ ಇದ್ದು, ಆಮೇಲೆ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಇನ್ನೊಬ್ಬರ ಬಸ್ಸಿಗೆ ಸೇರಿಕೊಂಡ. ಗಡಿಯಾರಗಳನ್ನು ಮಂಡಲ ಆಫೀಸಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟರು. ನಾನು ಮತ್ತೆ ಮನೆಯಲ್ಲಿ ಕೂತೆ. ಮಧ್ಯಾಹ್ನದ ಹೊತ್ತು ಒಳಗೆ ಕೂತರೂ ಬಸ್ಸಿನ ಸದ್ದು ಕೇಳಿದರೆ ಎಷ್ಟು ಜೋರು ಅಂತ ಅಂದಾಜು ಮಾಡುವುದು ಅಭ್ಯಾಸವಾಗಿತ್ತು. ಯುಗಾದಿಯ ಹೊತ್ತಿಗೆ ಆ ಅಂದಾಜೂ ಬೇಕಾಗಿರಲಿಲ್ಲ. ಮನೆಯ ಗೋಡೆಗೆ ನೇತುಹಾಕಿದ್ದ ಮೊರ ಅದುರುತ್ತಿತ್ತು.

ಯುಗಾದಿ ಕಳೆದು ಒಂದು ವಾರಕ್ಕೆ, ಗೂಡಿನ ಬುಟ್ಟಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟಿದ್ದ ಒಬ್ಬನನ್ನು ಬಸ್ಸು ಚರಂಡಿಗೆ ತಳ್ಳಿತು. ನಾನು ಓಡಿಹೋಗಿ ನೋಡಿದೆ. ಅವನ ಕೈ ಮುರಿದಿತ್ತು, ಜೀವಕ್ಕೇನೂ ಆಗಿರಲಿಲ್ಲ. ರಸ್ತೆಯ ಉದ್ದಕ್ಕೂ ಬಿಳಿ ಗೂಡು ಚೆಲ್ಲಿತ್ತು. ಹೆಂಗಸರು ಸೆರಗಿಗೆ ಆರಿಸಿ ತುಂಬುತ್ತಿದ್ದರು. ಮೇಷ್ಟ್ರೂ ಬಂದಿದ್ದರು. ಬಗ್ಗಿ ಒಂದೊಂದೇ ಗೂಡು ಎತ್ತಿ ಪಂಚೆಯ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ನಾನೂ ಆರಿಸಿದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ತಪ್ಪು ನಿಮ್ಮದು ಅಂತ ಇಬ್ಬರೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಮೇಷ್ಟ್ರು ರಸ್ತೆಯಲ್ಲಿ ನಿಲ್ಲತೊಡಗಿದರು. ಶಾಲೆಯ ಮುಂದಿನ ತಿರುವಿನಲ್ಲಿ, ಡಾಂಬರಿನ ನಟ್ಟನಡುವೆ, ಬಿಳಿ ಪಂಚೆ ಉಟ್ಟು, ಬಲಗೈ ಎತ್ತಿಕೊಂಡು. ಬಸ್ಸುಗಳು ಕಿರುಚಿ ನಿಲ್ಲುತ್ತಿದ್ದವು. ಡ್ರೈವರುಗಳು ಬಯ್ಯುತ್ತಿದ್ದರು. ಅವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಮುಂದಿನ ಬಸ್ಸಿಗೆ ಮತ್ತೆ ನಡುವೆ ಬರುತ್ತಿದ್ದರು. ತಲೆ ಕೆಟ್ಟಿದೆ ಅಂದರು ಕೆಲವರು.

ನಾಲ್ಕನೆಯ ದಿನವೋ ಐದನೆಯ ದಿನವೋ ಬಾಷಣ್ಣನ ಹೊಸ ಬಸ್ಸು ಬಂತು. ನಾನು ಅಂಗಡಿಯಿಂದ ಬೆಲ್ಲ ತರಲು ಹೋಗಿ ಅಲ್ಲೇ ನಿಂತಿದ್ದೆ. ಅವನು ದೂರದಿಂದಲೇ ನಿಧಾನ ಮಾಡಿ, ನಿಲ್ಲಿಸಿ, ಇಳಿದು ಮೇಷ್ಟ್ರ ಹತ್ತಿರ ಬಂದ.

"ಮೇಷ್ಟ್ರೇ, ಬಿಸಿಲಲ್ಲಿ ಯಾಕೆ ನಿಂತಿದೀರ? ಮನೆಗೆ ಹೋಗಿ. ನಾನು ಯಾವಾಗ್ಲೂ ನಿಧಾನಾನೇ ಬರ್ತೀನಿ."

"ನೀನು ಬರ್ತೀಯಪ್ಪ," ಅಂದರು ಮೇಷ್ಟ್ರು. "ನಿನ್ನ ಹಿಂದಿರೋನು?"

ಬಾಷಣ್ಣ ತಿರುಗಿ ನೋಡಿದ. ಅವನ ಬಸ್ಸಿನ ಹಿಂದೆ ಇನ್ನೊಂದು ಬಸ್ಸು ಬಂದು ನಿಂತು ಹಾರನ್ನು ಒತ್ತುತ್ತಿತ್ತು. ಅವನು ಹೋಗಿ ತನ್ನ ಬಸ್ಸು ಹತ್ತಿದ. ಮೊದಲನೇ ಗೇರಿನಲ್ಲಿ, ರಸ್ತೆಯ ನಟ್ಟನಡುವೆ, ಮನುಷ್ಯ ನಡೆಯುವಷ್ಟು ನಿಧಾನ ಊರೊಳಗೆ ಹೊರಟ. ಹಿಂದಿನವನು ಎಡಕ್ಕೆ ಬಂದ, ಬಲಕ್ಕೆ ಬಂದ, ದಾರಿ ಸಿಗಲಿಲ್ಲ. ಹಾರನ್ನು ಬಡಿದುಕೊಂಡೇ, ಊರು ಮುಗಿಯುವವರೆಗೂ ಅವನೂ ನಡೆದುಕೊಂಡೇ ಹೋದ. ಅಂದಿನಿಂದ ಬಾಷಣ್ಣ ಬಂದಾಗಲೆಲ್ಲ ಹಾಗೆಯೇ. ಅವನ ಹಿಂದೆ ಸಿಕ್ಕಿಕೊಂಡ ಬಸ್ಸುಗಳೆಲ್ಲ ನಮ್ಮೂರನ್ನು ಮೆರವಣಿಗೆಯ ಹಾಗೆ ದಾಟುತ್ತಿದ್ದವು.

ಆದರೆ ಅವನ ಬಸ್ಸು ದಿನಕ್ಕೆ ನಾಲ್ಕೇ ಸಲ ಬರುತ್ತಿತ್ತು. ಮಿಕ್ಕ ಹೊತ್ತಿಗೆ ಮೇಷ್ಟ್ರು ನಿಂತೇ ಇದ್ದರು.

ಅವತ್ತು ಬೆಲ್ಲವನ್ನು ಮನೆಗೆ ಕೊಟ್ಟು, ತಲೆಗೆ ಒಂದು ಬಟ್ಟೆ ಸುತ್ತಿಕೊಂಡು ನಾನು ವಾಪಸು ಹೋದೆ. ಮೇಷ್ಟ್ರು ಶಿಡ್ಲಘಟ್ಟದ ಕಡೆ ಮುಖ ಮಾಡಿ ನಿಂತಿದ್ದರು. ನಾನು ಅವರ ಬೆನ್ನಿಗೆ ಸ್ವಲ್ಪ ದೂರದಲ್ಲಿ, ಚಿಕ್ಕಬಳ್ಳಾಪುರದ ಕಡೆ ಮುಖ ಮಾಡಿ ನಿಂತೆ. ಅವರು ತಿರುಗಿ ನೋಡಿದರು. ಸಭೆಯ ದಿನದಿಂದ ನನ್ನ ಜೊತೆ ಆಡದ ಮಾತನ್ನು ಆಗ ಆಡಿದರು.

"ತೀರಾ ನಡುವೆ ನಿಲ್ಲಬೇಡಮ್ಮ. ಒಂದು ಹೆಜ್ಜೆ ಈಚೆಗೆ ಬಾ."

ಒಂದು ಹೆಜ್ಜೆ ಈಚೆಗೆ ಸರಿದು, ದೂರದಲ್ಲಿ ಧೂಳು ಎದ್ದದ್ದು ಕಂಡು, ಕೈ ಎತ್ತಿದೆ.